ಹೆಸರು ಬಿಡಿ, ಹ್ಯಾಶ್ ಹೇಳಿ

ಪೀಣ್ಯ ಎರಡನೇ ಹಂತದಲ್ಲಿ ಒಂದು ಸಣ್ಣ ಕಾರ್ಖಾನೆ. ಲೇತ್ ಮಷೀನುಗಳ ಸದ್ದಿನ ನಡುವೆ ಒಂದು ಗಾಜಿನ ಕೋಣೆ, ಅದರಲ್ಲಿ ಒಂದು ಹಳೇ ಸರ್ವರ್, ಅದರ ಮೇಲೆ ಆಯುಧಪೂಜೆಗೆ ಹಚ್ಚಿದ ಕುಂಕುಮ ಇನ್ನೂ ಹಾಗೇ ಇತ್ತು. 2022ರ ಜನವರಿಯಲ್ಲಿ ನನ್ನನ್ನು ಅಲ್ಲಿಗೆ ಕರೆಸಿದ್ದರು. ಲೆಕ್ಕಪತ್ರ ನೋಡಿಕೊಳ್ಳುವ ಹಿರಿಯರೊಬ್ಬರು ಕಾಫಿ ತರಿಸಿ ನೇರವಾಗಿ ವಿಷಯಕ್ಕೆ ಬಂದರು. "ಅದೇನೋ ಲಾಗ್‌ಫೋರ್‌ಜೆ ಅಂತ ಎಲ್ಲ ಕಡೆ ಗಲಾಟೆ ಆಗ್ತಿದೆಯಲ್ಲ, ಅದು ನಮ್ಮಲ್ಲಿ ಇದೆಯೋ ಇಲ್ವೋ, ಅಷ್ಟು ನೋಡಿ ಹೇಳ್ಬಿಡಿ." ಸ್ಟಾಕು, ಬಿಲ್ಲು ನೋಡಿಕೊಳ್ಳುವ ಆ ಸಾಫ್ಟ್‌ವೇರ್ ಬರೆದುಕೊಟ್ಟವರು ಫೋನ್ ಎತ್ತುವುದನ್ನು ಬಿಟ್ಟು ಎರಡು ವರ್ಷ ಆಗಿತ್ತಂತೆ.

ಸುಲಭದ ಕೆಲಸ ಅಂದುಕೊಂಡೆ. ಜಾವಾದಲ್ಲಿ ಬರೆದ ಸಾಫ್ಟ್‌ವೇರ್ ಅದು. ಜಾವಾ ಲೈಬ್ರರಿಗಳು ಜಾರ್ ಫೈಲುಗಳಾಗಿ ಬರುತ್ತವೆ, ಸಾಮಾನ್ಯವಾಗಿ ಹೆಸರಿನಲ್ಲೇ ವರ್ಷನ್ ನಂಬರ್ ಇರುತ್ತದೆ. ಫೋಲ್ಡರ್ ತೆಗೆದೆ. 213 ಜಾರ್ ಫೈಲು. ಹೆಸರುಗಳು ಹೀಗಿದ್ದವು: ಲಿಬ್1, ಲಿಬ್2, ನ್ಯೂ, ನ್ಯೂ-ಫೈನಲ್, ನ್ಯೂ-ಫೈನಲ್-2, ಲಾಗ್, ಡೋಂಟ್‌ಡಿಲೀಟ್. ಯಾವ ಪುಣ್ಯಾತ್ಮ ಯಾಕೆ ಹೀಗೆ ಹೆಸರು ಬದಲಿಸಿದ್ದನೋ ದೇವರಿಗೇ ಗೊತ್ತು.

ಲಾಗ್‌ಫೋರ್‌ಜೆ ಗಲಾಟೆ ಏನು ಅಂತ ಎರಡು ಮಾತು. ಸರ್ವರ್‌ನಲ್ಲಿ ಏನೇನು ನಡೆಯಿತು ಅಂತ ಡೈರಿ ಬರೆಯುವ ಲೈಬ್ರರಿ ಅದು, ಅಪಾಚೆ ಸಂಸ್ಥೆಯದು, ಜಾವಾ ಇರುವ ಕಡೆಯೆಲ್ಲ ಇರುತ್ತದೆ. 2021ರ ಡಿಸೆಂಬರ್‌ನಲ್ಲಿ ಅದರಲ್ಲೊಂದು ದೊಡ್ಡ ತೂತು ಬಯಲಾಯಿತು. ಯಾರಾದರೂ ಒಂದು ಕಿಡಿಗೇಡಿ ಸಾಲನ್ನು ಕಳಿಸಿ, ಅದನ್ನು ಈ ಲೈಬ್ರರಿ ತನ್ನ ಡೈರಿಯಲ್ಲಿ ಬರೆದುಕೊಂಡರೆ ಸಾಕು, ಸರ್ವರ್ ತಾನಾಗಿ ಹೊರಗಿನಿಂದ ಕೋಡ್ ತರಿಸಿಕೊಂಡು ಓಡಿಸಿಬಿಡುತ್ತಿತ್ತು. 2.0ರ ಬೀಟಾ ಕಾಲದಿಂದ 2.14.1ರವರೆಗಿನ ವರ್ಷನ್‌ಗಳಿಗೆ ಈ ಕಾಯಿಲೆ ಇತ್ತು. ಹಾಗಾಗಿ "ಲಾಗ್‌ಫೋರ್‌ಜೆ ಇದೆ" ಎಂದು ತಿಳಿದರೆ ಸಾಲದು, ಯಾವ ವರ್ಷನ್ ಅಂತಲೂ ಗೊತ್ತಾಗಬೇಕು. ಫೈಲಿನ ಹೆಸರು ನೋಡಿದರೆ "ನ್ಯೂ-ಫೈನಲ್-2".

ಹೆಸರನ್ನು ನಂಬಬಾರದು ಎಂಬುದು ನನಗೆ ಚಿಕ್ಕಂದಿನಲ್ಲೇ ಗೊತ್ತಿತ್ತು. ನಮ್ಮ ವಠಾರದಲ್ಲಿ ಮೂವರು ಮಂಜುಗಳಿದ್ದರು. ಹಾಲಿನ ಮಂಜು, ಲೈನ್‌ಮನ್ ಮಂಜು, ಇನ್ನೊಬ್ಬ ಸುಮ್ನೆ ಮಂಜು. ಹೊರಗಿನವರು ಬಂದು "ಮಂಜು ಮನೆ ಯಾವುದು" ಅಂದರೆ ಅಜ್ಜಿ ಅವರ ಮುಖ ನೋಡುತ್ತಿದ್ದಳು, ಅಷ್ಟೇ. ಕಂಪ್ಯೂಟರ್ ಲೋಕದಲ್ಲಿ "ಸೆಟಪ್.ಎಕ್ಸ್‌ಇ" ಅಂದರೆ ಅದೇ ಸುಮ್ನೆ ಮಂಜು. ಎಸ್‌ಪಿ ರಸ್ತೆಯಲ್ಲಿ ಲ್ಯಾಪ್‌ಟಾಪ್ ಜೊತೆ ಕೊಡುವ ಪೆನ್‌ಡ್ರೈವ್‌ನಲ್ಲೂ ಅವನಿರುತ್ತಾನೆ, ನಿಮ್ಮ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೂ ಅವನೇ, (1), (2), (3) ಅಂತ ಬಾಲ ಅಂಟಿಸಿಕೊಂಡು.

ಇಲ್ಲೇ ಹ್ಯಾಶ್ ಕೆಲಸಕ್ಕೆ ಬರುವುದು. ಫೈಲಿನ ಹೆಸರು, ತಾರೀಖು, ಯಾವ ಫೋಲ್ಡರ್, ಇದ್ಯಾವುದನ್ನೂ ಅದು ಕೇಳುವುದಿಲ್ಲ. ಫೈಲಿನ ಒಳಗಿರುವ ಬೈಟುಗಳನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತದೆ, ಓದಿ ಒಂದು ನಿಗದಿತ ಉದ್ದದ ಸಂಖ್ಯೆ ಕೊಡುತ್ತದೆ. ಈಗ ಜಾಸ್ತಿ ಬಳಕೆಯಲ್ಲಿರುವ ಶಾ-256 ಎಂಬ ಲೆಕ್ಕ ಫೈಲನ್ನು 64 ಬೈಟಿನ ತುಂಡುಗಳಾಗಿ ತೆಗೆದುಕೊಳ್ಳುತ್ತದೆ, ಒಂದೊಂದು ತುಂಡನ್ನೂ 64 ಸುತ್ತು ಅರೆಯುತ್ತದೆ, ಹಿಂದಿನ ತುಂಡಿನಿಂದ ಬಂದದ್ದರ ಜೊತೆ ಕಲಸುತ್ತದೆ. ಕೊನೆಗೆ ಸಿಗುವುದು 256 ಬಿಟ್, ಅಂದರೆ 0ಯಿಂದ 9, ಎಯಿಂದ ಎಫ್ ಬಳಸಿ ಬರೆದರೆ 64 ಅಕ್ಷರ. ಫೈಲು ಎರಡು ಬೈಟಿನದಾಗಿರಲಿ, ಎರಡು ಗಂಟೆಯ ಸಿನಿಮಾ ಆಗಿರಲಿ, ಉತ್ತರ 64 ಅಕ್ಷರವೇ. ರುಬ್ಬುಕಲ್ಲು ನೆನಪಿಸಿಕೊಳ್ಳಿ: ರುಬ್ಬಿದ ಹಿಟ್ಟಿನಿಂದ ಅಕ್ಕಿಕಾಳು ವಾಪಸ್ ತೆಗೆಯೋಕೆ ಆಗಲ್ಲ. ಆದರೆ ಇದು ಸ್ವಲ್ಪ ವಿಚಿತ್ರ ರುಬ್ಬುಕಲ್ಲು. ಒಂದೇ ಒಂದು ಕಾಳು ಹೆಚ್ಚುಕಡಿಮೆ ಆದರೂ ಹಿಟ್ಟಿನ ಬಣ್ಣ, ವಾಸನೆ, ರುಚಿ ಎಲ್ಲ ಬೇರೆಯೇ ಆಗಿಬಿಡುತ್ತದೆ. ಒಂದು ಬಿಟ್ ಬದಲಾದರೆ ಉತ್ತರದ ಬಿಟ್‌ಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ತಿರುಗಿಬೀಳುತ್ತವೆ.

ಮಾಡಿ ನೋಡಬೇಕು ಅಂದರೆ ಲಿನಕ್ಸ್‌ನಲ್ಲಿ "ಶಾ256ಸಮ್" ಎಂಬ ಕಮಾಂಡ್ ಇದೆ, ವಿಂಡೋಸ್‌ನ ಪವರ್‌ಶೆಲ್‌ನಲ್ಲಿ "ಗೆಟ್-ಫೈಲ್‌ಹ್ಯಾಶ್" ಇದೆ. ಏನೂ ಬರೆಯದ ಖಾಲಿ ಫೈಲ್ ಒಂದನ್ನು ಮಾಡಿ ಅದರ ಹ್ಯಾಶ್ ತೆಗೆಯಿರಿ. ಇ-3-ಬಿ-0-ಸಿ-4-4-2 ಅಂತ ಶುರುವಾಗಿ ಬಿ-8-5-5 ಅಂತ ಮುಗಿಯುತ್ತದೆ. ನಿಮ್ಮ ಮಲ್ಲೇಶ್ವರದ ಮನೆಯಲ್ಲೂ ಅದೇ, ಅಮೆರಿಕದಲ್ಲೂ ಅದೇ, ಹತ್ತು ವರ್ಷ ಬಿಟ್ಟು ಮಾಡಿದರೂ ಅದೇ. ಈ ಕೆಲಸ ಮಾಡುವವರಿಗೆ ಆ ಮೊದಲ ಎಂಟು ಅಕ್ಷರ ಪಕ್ಕದ ಮನೆಯವರ ಫೋನ್ ನಂಬರ್ ಥರ ಬಾಯಿಪಾಠ ಆಗಿರುತ್ತದೆ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇನ್ನೊಂದು ಪ್ರಯೋಗ ಕನ್ನಡದವರಿಗೇ ಹೇಳಿಮಾಡಿಸಿದ್ದು. "ಕೊ" ಅಂತ ಒಂದೇ ಅಕ್ಷರ ಇರುವ ಫೈಲ್ ಮಾಡಿ. ಯುನಿಕೋಡ್‌ನಲ್ಲಿ ಈ ಕೊ-ವನ್ನು ಎರಡು ಥರ ಬರೆಯಬಹುದು. ಕ ಆದಮೇಲೆ ೊ ಎಂಬ ಒಂದೇ ಚಿಹ್ನೆ ಇಡಬಹುದು, ಆಗ ಫೈಲ್ ಆರು ಬೈಟ್. ಇಲ್ಲದಿದ್ದರೆ ಕ ಆದಮೇಲೆ ೆ ಮತ್ತು ೂ ಎಂಬ ಎರಡು ಚಿಹ್ನೆಗಳನ್ನು ಒಂದರ ಹಿಂದೆ ಒಂದು ಇಡಬಹುದು, ಆಗ ಒಂಬತ್ತು ಬೈಟ್. ಪರದೆ ಮೇಲೆ ಎರಡೂ ಕೊ-ನೇ. ನೀವು ಕನ್ನಡಕ ಹಾಕಿಕೊಂಡು ನೋಡಿದರೂ ವ್ಯತ್ಯಾಸ ಸಿಗುವುದಿಲ್ಲ. ಹ್ಯಾಶ್ ಮಾತ್ರ ಎರಡಕ್ಕೂ ಬೇರೆ ಬೇರೆ. ಕಣ್ಣಿಗೆ ಒಂದೇ ಕಾಣುವುದಕ್ಕೂ ಬೈಟಿಗೆ ಬೈಟು ಒಂದೇ ಆಗಿರುವುದಕ್ಕೂ ಇರುವ ದೂರ ಇದು. ಇದೇ ಕಾರಣಕ್ಕೆ ವಿಂಡೋಸ್‌ನಲ್ಲಿ ಸಾಲು ಮುಗಿಯುವಾಗ ಎರಡು ಬೈಟ್, ಲಿನಕ್ಸ್‌ನಲ್ಲಿ ಒಂದು ಬೈಟ್ ಬೀಳುವ ಹಳೇ ರಗಳೆಯೂ ಹ್ಯಾಶ್ ಹೋಲಿಸುವವರ ತಲೆ ತಿನ್ನುತ್ತದೆ. ಕೋಡ್ ಹಂಚಿಕೊಳ್ಳಲು ಬಳಸುವ ಗಿಟ್‌ನಿಂದ ಇಳಿಸಿದ ಒಂದೇ ಫೈಲು ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಒಂದು ಹ್ಯಾಶ್, ಇನ್ನೊಬ್ಬರದರಲ್ಲಿ ಇನ್ನೊಂದು. ಅರ್ಧ ದಿನ ಜಗಳ ಆಡಿದ ಮೇಲೆ ಗೊತ್ತಾಗುತ್ತದೆ, ಕೋಡ್ ಒಂದೇ, ಸಾಲಿನ ತುದಿ ಬೇರೆ.

ಸರಿ, ಪೀಣ್ಯಕ್ಕೆ ವಾಪಸ್ ಬರೋಣ. 213 ಫೈಲಿನ ಹ್ಯಾಶ್ ತೆಗೆಯೋಕೆ ಅರ್ಧ ನಿಮಿಷವೂ ಆಗಲಿಲ್ಲ. ಆದರೆ ಬರೀ ಹ್ಯಾಶ್ ಇಟ್ಟುಕೊಂಡು ಏನು ಮಾಡುವುದು? ಬೆರಳಚ್ಚು ಸಿಕ್ಕಿತು ಅಂತ ಕಳ್ಳ ಸಿಕ್ಕ ಹಾಗಲ್ಲ, ಆ ಬೆರಳಚ್ಚು ಯಾರದು ಅಂತ ಹೇಳುವ ರಿಜಿಸ್ಟರ್ ಬೇಕು. ಇಡೀ ಆಟ ನಿಂತಿರುವುದು ಆ ರಿಜಿಸ್ಟರ್ ಮೇಲೆ. ಹ್ಯಾಶ್ ಬಗ್ಗೆ ಬರೆಯುವವರು ಗಣಿತದ ಬಗ್ಗೆಯೇ ಪುಟಗಟ್ಟಲೆ ಬರೆಯುತ್ತಾರೆ, ರಿಜಿಸ್ಟರ್ ಬಗ್ಗೆ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನ್ನ ಅನುಭವದಲ್ಲಿ ಅದು ತಲೆಕೆಳಗು.

ಜಾವಾ ಲೋಕಕ್ಕೆ ಅಂಥ ರಿಜಿಸ್ಟರ್ ಇದೆ. ಮೇವನ್ ಸೆಂಟ್ರಲ್ ಅಂತ, ಜಾವಾ ಲೈಬ್ರರಿಗಳ ದೊಡ್ಡ ಉಗ್ರಾಣ. ಅಲ್ಲಿ ಒಂದು ಸಲ ಇಟ್ಟ ಫೈಲನ್ನು ಮತ್ತೆ ಬದಲಾಯಿಸುವ ಹಾಗಿಲ್ಲ, ತಪ್ಪಿದ್ದರೆ ಹೊಸ ವರ್ಷನ್ ಹಾಕಬೇಕು. ಒಂದೊಂದು ಫೈಲಿನ ಪಕ್ಕದಲ್ಲೂ ಶಾ-1 ಎಂಬ ಹಳೇ ವಿಧಾನದ ಹ್ಯಾಶ್ ಇರುತ್ತದೆ, ಮತ್ತು ಆ ಹ್ಯಾಶ್ ಕೊಟ್ಟು ಹುಡುಕುವ ಅನುಕೂಲವೂ ಇದೆ. ನನ್ನ 213ರಲ್ಲಿ 168 ಫೈಲಿನ ಜಾತಕ ಅಲ್ಲೇ ಸಿಕ್ಕಿತು. ಲಿಬ್2 ಅಂದರೆ ಇಂಥ ಎಕ್ಸೆಲ್ ಓದುವ ಲೈಬ್ರರಿ, ಇಂಥ ವರ್ಷನ್. ನ್ಯೂ ಅಂದರೆ ಡೇಟಾಬೇಸ್ ಜೊತೆ ಮಾತಾಡುವ ಡ್ರೈವರ್. ಹೆಸರು ನೋಡಿ ನಾನು ಅನುಮಾನಪಟ್ಟಿದ್ದ "ಲಾಗ್" ಎಂಬುದು ಲಾಗ್‌ಫೋರ್‌ಜೆ 1.2.17. ಅದು ಬೇರೆ ತಲೆಮಾರು, ಈ ಕಾಯಿಲೆ ಅದಕ್ಕಿಲ್ಲ (ಬೇರೆ ಕಾಯಿಲೆಗಳಿವೆ, ಅದರ ಆರೈಕೆ 2015ರಲ್ಲೇ ನಿಂತುಹೋಗಿದೆ, ಅದನ್ನೂ ತೆಗೆಯಬೇಕಿತ್ತು). ಯಾರೂ ತಿರುಗಿ ನೋಡದ "ಲಿಬ್1" ಇತ್ತಲ್ಲ, ಅದೇ ಲಾಗ್‌ಫೋರ್‌ಜೆ 2.14.1.

ಹಿರಿಯರಿಗೆ ಹೇಳಿದೆ. "ಇದೆ ಸಾರ್."

"ಗ್ಯಾರಂಟೀನಾ? ಹೆಸರು ಬೇರೆ ಇದೆಯಲ್ರೀ?"

"ಹೆಸರು ಯಾರು ಬೇಕಾದರೂ ಬದಲಾಯಿಸಬಹುದು ಸಾರ್. ಒಳಗಿರೋದು ಅಪಾಚೆಯವರು ಬಿಟ್ಟ ಫೈಲೇ, ಒಂದು ಬೈಟೂ ಆಚೀಚೆ ಇಲ್ಲ."

ಉಳಿದ 45 ಫೈಲುಗಳ ಕಥೆ ಇದಕ್ಕಿಂತ ರುಚಿಕಟ್ಟಾಗಿದೆ. ಹ್ಯಾಶ್ ಹೊಂದಲಿಲ್ಲ ಅಂದರೆ ಫೈಲು ಕೆಟ್ಟದ್ದು ಅಂತ ಅರ್ಥ ಅಲ್ಲ, ನಮ್ಮ ಪಟ್ಟಿಯಲ್ಲಿ ಇಲ್ಲ ಅಂತ ಮಾತ್ರ ಅರ್ಥ. ಜಾರ್ ಫೈಲ್ ಅಂದರೆ ವೇಷ ಹಾಕಿದ ಜಿಪ್ ಫೈಲ್. ಜಿಪ್ ತನ್ನೊಳಗಿನ ಒಂದೊಂದು ಫೈಲಿನ ತಾರೀಖು, ಸಮಯವನ್ನೂ ಬರೆದಿಟ್ಟುಕೊಳ್ಳುತ್ತದೆ. ಹಾಗಾಗಿ ಅದೇ ಕೋಡನ್ನು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಕಟ್ಟಿದರೆ ಎರಡು ಜಾರ್‌ಗೂ ಬೇರೆ ಬೇರೆ ಹ್ಯಾಶ್ ಬರುತ್ತದೆ, ಒಳಗಿನ ಸಾಮಾನು ಅದೇ ಇದ್ದರೂ. ಟಿಫಿನ್ ಕ್ಯಾರಿಯರ್ ಮುಚ್ಚಳದ ಮೇಲೆ ದಿನ ಬರೆದ ಚೀಟಿ ಬೇರೆ, ಒಳಗೆ ಚಿತ್ರಾನ್ನ ಅದೇ. ಈ ತೊಂದರೆ ಕಳೆಯಬೇಕು ಅಂತಲೇ ಡೆಬಿಯನ್ ಲಿನಕ್ಸ್‌ನವರು, ಟಾರ್ ಬ್ರೌಸರ್‌ನವರು, ಇನ್ನೂ ಹಲವರು ಯಾರು ಯಾವಾಗ ಕಟ್ಟಿದರೂ ಬೈಟಿಗೆ ಬೈಟು ಒಂದೇ ಫೈಲ್ ಬರುವ ಹಾಗೆ ಮಾಡಲು ವರ್ಷಗಳಿಂದ ಒದ್ದಾಡುತ್ತಿದ್ದಾರೆ. ತಾರೀಖಿನ ಜಾಗದಲ್ಲಿ ಎಲ್ಲರೂ ಒಂದೇ ಗೊತ್ತಾದ ಸಮಯ ಹಾಕುವುದು ಅದರ ಮೊದಲ ಹೆಜ್ಜೆ.

ಹೊರಗಿನ ಹ್ಯಾಶ್ ಹೊಂದದಿದ್ದಾಗ ಡಬ್ಬಿ ಬಿಚ್ಚಿ ಒಳಗಿನ ಒಂದೊಂದು ಫೈಲಿನ ಹ್ಯಾಶ್ ತೆಗೆಯಬೇಕು. 45ನ್ನೂ ಬಿಚ್ಚಿದೆ. ಕೆಲವದರ ಒಳಗೆ ಮತ್ತೆ ಜಾರ್‌ಗಳು, ಅದರೊಳಗೆ ಇನ್ನಷ್ಟು, ಈರುಳ್ಳಿ ಸಿಪ್ಪೆ ಬಿಡಿಸಿದ ಹಾಗೆ. ಕೆಲವದರಲ್ಲಿ ಹತ್ತಾರು ಲೈಬ್ರರಿಗಳನ್ನು ಬಿಚ್ಚಿ ಒಂದೇ ರಾಶಿ ಮಾಡಿ ಸುರಿದಿದ್ದರು. ರಾಶಿ ಆದರೂ ಪರವಾಗಿಲ್ಲ, ಒಳಗಿನ ಕ್ಲಾಸ್ ಫೈಲುಗಳನ್ನು (ಜಾವಾ ಕೋಡಿನ ಬಿಡಿ ತುಂಡುಗಳು) ಮುಟ್ಟದೆ ಹಾಗೇ ಸುರಿದಿದ್ದರೆ ಅವುಗಳ ಹ್ಯಾಶ್ ಹಾಗೇ ಉಳಿದಿರುತ್ತದೆ. 2021ರ ಡಿಸೆಂಬರ್‌ನಲ್ಲಿ ಹಲವು ಟೂಲ್‌ಗಳು ಮಾಡಿದ್ದು ಇದನ್ನೇ: ಲಾಗ್‌ಫೋರ್‌ಜೆಯ ಒಳಗೆ ಆ ತೂತಿಗೆ ದಾರಿಯಾದ ಜೆಎನ್‌ಡಿಐ-ಲುಕಪ್ ಎಂಬ ಒಂದು ಕ್ಲಾಸ್ ಫೈಲನ್ನು, ಅದು ಎಷ್ಟೇ ಆಳದಲ್ಲಿ ಅಡಗಿರಲಿ, ಹುಡುಕಿ ಹೊರಗೆಳೆಯುವುದು. ಆದರೆ ಕಟ್ಟುವಾಗ ಕ್ಲಾಸ್‌ಗಳ ಮನೆ ವಿಳಾಸವನ್ನೇ ಬದಲಿಸುವ ಟೂಲ್‌ಗಳೂ ಇವೆ. ಅವು ಕೈಹಾಕಿದರೆ ಒಳಗಿನ ಬೈಟುಗಳೂ ಬದಲಾಗಿ ಹ್ಯಾಶ್ ಕೈಕೊಡುತ್ತದೆ.

"ಡೋಂಟ್‌ಡಿಲೀಟ್" ಎಂಬ ಫೈಲು ಯಾವ ಪಟ್ಟಿಯಲ್ಲೂ ಇರಲಿಲ್ಲ. ಬಿಚ್ಚಿ ನೋಡಿದರೆ ಒಳಗಿರುವುದೆಲ್ಲ ಲಾಗ್‌ಫೋರ್‌ಜೆ 2.14.1ರ ಫೈಲುಗಳೇ, ಒಂದೊಂದರ ಹ್ಯಾಶೂ ಹೊಂದುತ್ತಿತ್ತು. ಒಂದೇ ಒಂದು ಫೈಲು ನಾಪತ್ತೆ. ಆ ಜೆಎನ್‌ಡಿಐ-ಲುಕಪ್. ಆಗ ಅರ್ಥ ಆಯಿತು, ಆ ಡಿಸೆಂಬರ್‌ನಲ್ಲಿ ತುರ್ತು ಮದ್ದು ಅಂತ ಎಲ್ಲರಿಗೂ ಹೇಳಿದ್ದೇ ಅದನ್ನು: ಹೊಸ ವರ್ಷನ್ ಹಾಕೋಕೆ ಆಗದಿದ್ದರೆ ಜಾರ್‌ನಿಂದ ಆ ಒಂದು ಕ್ಲಾಸ್ ಕಿತ್ತು ಬಿಸಾಕಿ. ಯಾರೋ ಬಂದು ಅದನ್ನು ಮಾಡಿಯೂ ಇದ್ದಾರೆ. ಆದರೆ ನಕಲು ಮಾಡಿಕೊಂಡು ನಕಲಿನಲ್ಲಿ ಮಾಡಿದ್ದಾರೆ, ಮೂಲದ "ಲಿಬ್1" ಪಕ್ಕದಲ್ಲೇ ಆರಾಮಾಗಿ ಕೂತಿತ್ತು. ಬಾಗಿಲಿಗೆ ಬೀಗ ಹಾಕಿ ಪಕ್ಕದ ಕಿಟಕಿ ತೆಗೆದಿಟ್ಟ ಹಾಗೆ. ಎರಡನ್ನೂ ತೆಗೆದು 2.17.1 ಹಾಕಿದೆ.

ಹ್ಯಾಶ್‌ಗೆ ಬರೀ "ಹೌದು, ಇಲ್ಲ" ಗೊತ್ತು, "ಹತ್ತಿರ ಇದೆ" ಅನ್ನೋದು ಗೊತ್ತಿಲ್ಲ ಎಂಬುದಕ್ಕೆ ಇದೇ ಉದಾಹರಣೆ. ನೂರಾರು ಫೈಲುಗಳಲ್ಲಿ ಒಂದನ್ನು ತೆಗೆದರೂ ಹೊರಗಿನ ಹ್ಯಾಶ್ ಪೂರ್ತಿ ಅಪರಿಚಿತ. ಹತ್ತಿರದವನ್ನು ಗುರುತಿಸಲು ಬೇರೆ ಜಾತಿಯ ಹ್ಯಾಶ್‌ಗಳಿವೆ, 2006ರಲ್ಲಿ ಬಂದ ಎಸ್‌ಎಸ್‌ಡೀಪ್ ಅಂಥದೊಂದು. ಅವು "ಇವೆರಡು ಬಹಳ ಹೋಲುತ್ತವೆ" ಅಂತ ಹೇಳಬಲ್ಲವು, ಗ್ಯಾರಂಟಿ ಕೊಡಲಾರವು. ಹಾಗಾಗಿ ಅವನ್ನು ಸುಳಿವಿಗೆ ಬಳಸಬೇಕು, ತೀರ್ಪಿಗೆ ಬೇಡ.

ಈಗ ಆ ಖಾಲಿ ಫೈಲಿನ ವಿಷಯ. ಡಬ್ಬಿ ಬಿಚ್ಚಿ ಒಳಗಿನದನ್ನೆಲ್ಲ ಪಟ್ಟಿಯ ಜೊತೆ ಹೋಲಿಸಲು ಶುರು ಮಾಡಿದರೆ ಸಾವಿರಗಟ್ಟಲೆ ಹೊಂದಾಣಿಕೆ ಬರುತ್ತದೆ, ನೋಡಿ ಖುಷಿ ಪಡಬೇಡಿ. ಅದರಲ್ಲಿ ಬಹಳಷ್ಟು ಕಸ. ಪೈಥಾನ್ ಪ್ಯಾಕೇಜ್‌ಗಳಲ್ಲಿ "ಇದು ಪ್ಯಾಕೇಜ್ ಫೋಲ್ಡರ್" ಅಂತ ತೋರಿಸಲು ಒಂದು ಖಾಲಿ ಫೈಲ್ ಇಡುವ ರೂಢಿ ಇದೆ. ಅವೆಲ್ಲಕ್ಕೂ ಹ್ಯಾಶ್ ಒಂದೇ, ಆ ಇ-3-ಬಿ-0-ಸಿ-4-4-2. ಅದು ಯಾವ ಪ್ಯಾಕೇಜಿನದು ಅಂತ ಕೇಳಿದರೆ "ಎಲ್ಲದರದೂ" ಅಂತ ಉತ್ತರ. ಜಿಪಿಎಲ್ ಲೈಸೆನ್ಸಿನ ಪಠ್ಯದ್ದೂ ಇದೇ ಪಾಡು, ಒಂದೇ ಫೈಲು ಸಾವಿರಾರು ಪ್ಯಾಕೇಜುಗಳ ಒಳಗೆ ಕೂತಿರುತ್ತದೆ. ಜೆಕ್ವೆರಿಯಂಥ ಜಾವಾಸ್ಕ್ರಿಪ್ಟ್ ಫೈಲುಗಳು ಕಂಡವರ ಮನೆಯಲ್ಲೆಲ್ಲ ಇರುತ್ತವೆ. ಹಾಗಾಗಿ ಫೈಲಿನಿಂದ ಪ್ಯಾಕೇಜಿಗೆ ಹೋಗುವ ದಾರಿ ನೇರ ಗೆರೆ ಅಲ್ಲ, ಕೆ.ಆರ್. ಮಾರ್ಕೆಟ್‌ನ ಓಣಿಗಳ ಥರ. ನಾನು ಮಾಡುವ ಉಪಾಯ ಇಷ್ಟೇ: ಯಾವ ಹ್ಯಾಶ್ ಕಡಿಮೆ ಪ್ಯಾಕೇಜುಗಳಲ್ಲಿ ಇದೆಯೋ ಅದಕ್ಕೆ ಜಾಸ್ತಿ ಬೆಲೆ. ಒಂದೇ ಪ್ಯಾಕೇಜಿನ ಒಂದೇ ವರ್ಷನ್‌ನಲ್ಲಿ ಮಾತ್ರ ಕಾಣುವ ಫೈಲು ಸಿಕ್ಕರೆ ಅದು ಚಿನ್ನ. ಎಲ್ಲ ಕಡೆ ಇರುವುದನ್ನು ಪಕ್ಕಕ್ಕಿಡಿ.

ಪಟ್ಟಿಗಳ ವಿಷಯಕ್ಕೆ ಬಂದರೆ, ಎಲ್ಲಕ್ಕಿಂತ ಹೆಸರಾದದ್ದು ಅಮೆರಿಕ ಸರ್ಕಾರದ ಮಾನದಂಡಗಳ ಸಂಸ್ಥೆ ನಿಸ್ಟ್‌ನ ಎನ್‌ಎಸ್‌ಆರ್‌ಎಲ್. ಅವರು ಸಾಫ್ಟ್‌ವೇರ್‌ಗಳನ್ನು ಕೊಂಡು, ದಾನ ಪಡೆದು, ಲೈಬ್ರರಿ ಥರ ಕಪಾಟುಗಳಲ್ಲಿ ಜೋಡಿಸಿಟ್ಟಿದ್ದಾರೆ, ಒಂದೊಂದರ ಒಳಗಿನ ಫೈಲುಗಳ ಹ್ಯಾಶ್ ತೆಗೆದು ಪಟ್ಟಿ ಬಿಡುಗಡೆ ಮಾಡುತ್ತಾರೆ. ಪೊಲೀಸರು ಒಂದು ಕಂಪ್ಯೂಟರ್ ಜಪ್ತಿ ಮಾಡಿದಾಗ ಅದರಲ್ಲಿ ಲಕ್ಷಗಟ್ಟಲೆ ಫೈಲು ಇರುತ್ತವೆ, ಬಹುಪಾಲು ವಿಂಡೋಸ್‌ನವೇ. ಅವನ್ನು ಹ್ಯಾಶ್ ನೋಡಿ ಜರಡಿ ಹಿಡಿದರೆ ನೋಡಬೇಕಾದ್ದು ಮಾತ್ರ ಉಳಿಯುತ್ತದೆ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಎನ್‌ಎಸ್‌ಆರ್‌ಎಲ್ ಹೇಳುವುದು "ಈ ಫೈಲು ಗೊತ್ತಿರುವಂಥದ್ದು" ಅಂತ, "ಒಳ್ಳೆಯದು" ಅಂತ ಅಲ್ಲ. ಹ್ಯಾಕಿಂಗ್‌ಗೆ ಬಳಸುವ ಸಾಫ್ಟ್‌ವೇರೂ ಅದರಲ್ಲಿದೆ. ಪರಿಚಯದವರೆಲ್ಲ ಒಳ್ಳೆಯವರಾಗಿದ್ದರೆ ಪ್ರಪಂಚ ಹೀಗಿರುತ್ತಿತ್ತಾ?

ಲಕ್ಸೆಂಬರ್ಗ್‌ನಲ್ಲಿ ಸರ್ಕಲ್ ಅಂತ ಒಂದು ಕಂಪ್ಯೂಟರ್ ಭದ್ರತೆಯ ಸಂಸ್ಥೆ ಇದೆ (ಆನಂದರಾವ್ ಸರ್ಕಲ್‌ಗೂ ಅದಕ್ಕೂ ಸಂಬಂಧ ಇಲ್ಲ). ಅವರ ಹ್ಯಾಶ್‌ಲುಕಪ್ ಎಂಬ ಸೇವೆ ಎನ್‌ಎಸ್‌ಆರ್‌ಎಲ್ ಪಟ್ಟಿಯ ಜೊತೆ ಲಿನಕ್ಸ್ ಪ್ಯಾಕೇಜುಗಳ ಪಟ್ಟಿಗಳನ್ನೂ ಸೇರಿಸಿ ಕೊಡುತ್ತದೆ, ಪುಕ್ಕಟೆಯಾಗಿ. ನೆಟ್ ಸರಿಯಾಗಿಲ್ಲದ ಜಾಗಕ್ಕೆ ಹೋಗುವವರಿಗೆ ಬ್ಲೂಮ್ ಫಿಲ್ಟರ್ ಎಂಬ ಒತ್ತಿ ಚಿಕ್ಕದು ಮಾಡಿದ ರೂಪವೂ ಸಿಗುತ್ತದೆ. ಹತ್ತು ಕೋಟಿ ಶಾ-1 ಹ್ಯಾಶ್‌ಗಳನ್ನು ಹಾಗೇ ಇಟ್ಟರೆ ಎರಡು ಜಿಬಿ ಬೇಕು, ಫಿಲ್ಟರ್ ಅದರ ಒಂದು ಪಾಲಿನಲ್ಲಿ ಮುಗಿಯುತ್ತದೆ. ಬದಲಿಗೆ ಒಂದು ರಾಜಿ ಇದೆ: ಅದು "ಇಲ್ಲ" ಅಂದರೆ ಖಂಡಿತ ಇಲ್ಲ, "ಇದೆ" ಅಂದರೆ ಬಹುಶಃ ಇದೆ. ಕಾರ್ಖಾನೆಯ ಆ ಗಾಜಿನ ಕೋಣೆಯಲ್ಲಿ ಮೊಬೈಲ್ ಸಿಗ್ನಲ್ ಒಂದು ಕಡ್ಡಿ ಬರುತ್ತಿತ್ತು, ಹಾಗಾಗಿ ನನಗೆ ಇದರ ಬೆಲೆ ಗೊತ್ತು.

ಡೆಬಿಯನ್, ಉಬುಂಟು ಬಳಸುವವರಿಗೆ ಇದೆಲ್ಲ ತೆರೆಮರೆಯಲ್ಲಿ ನಡೆಯುತ್ತಲೇ ಇರುತ್ತದೆ. ಒಂದೊಂದು ಪ್ಯಾಕೇಜಿನ ಹ್ಯಾಶ್ ಒಂದು ಪಟ್ಟಿಯಲ್ಲಿ, ಆ ಪಟ್ಟಿಯ ಹ್ಯಾಶ್ ಇನ್ನೊಂದು ಪಟ್ಟಿಯಲ್ಲಿ, ಆ ಕೊನೇ ಪಟ್ಟಿಗೆ ಡಿಜಿಟಲ್ ಸಹಿ. ಇನ್‌ಸ್ಟಾಲ್ ಆದಮೇಲೆ ಒಳಗಿನ ಫೈಲುಗಳ ಎಂಡಿ5 (ಶಾ-1ಕ್ಕಿಂತ ಹಳೇ ವಿಧಾನ) ಹ್ಯಾಶ್‌ಗಳನ್ನೂ ಡಿಸ್ಕಿನಲ್ಲೇ ಬರೆದಿಡುತ್ತದೆ, "ಡೆಬ್‌ಸಮ್ಸ್" ಓಡಿಸಿದರೆ ಯಾವುದು ಬದಲಾಗಿದೆ ಅಂತ ಹೇಳುತ್ತದೆ. ಆದರೆ ಆ ಹ್ಯಾಶ್ ಪಟ್ಟಿ ಇರುವುದು ಅದೇ ಡಿಸ್ಕಿನಲ್ಲಿ ಅಲ್ವಾ? ಒಳಗೆ ನುಗ್ಗಿದವನು ಫೈಲನ್ನೂ ಬದಲಾಯಿಸಿ ಪಟ್ಟಿಯನ್ನೂ ತಿದ್ದಿದರೆ ಕೇಳುವವರು ಯಾರು. ಕೆಟ್ಟುಹೋದ ಫೈಲು ಹಿಡಿಯಲು ಅದು ಸಾಕು, ಕಳ್ಳನನ್ನು ಹಿಡಿಯಲು ಸಾಲದು.

ಎಂಡಿ5, ಶಾ-1 ಎರಡೂ "ಒಡೆದುಹೋಗಿವೆ" ಅಂತ ನೀವು ಕೇಳಿರಬಹುದು. ಹೌದು. 1992ರ ಎಂಡಿ5ನಲ್ಲಿ ಒಂದೇ ಹ್ಯಾಶ್ ಬರುವ ಎರಡು ಬೇರೆ ಫೈಲುಗಳನ್ನು 2004ರಲ್ಲಿ ಚೀನಾದ ಸಂಶೋಧಕರು ತೋರಿಸಿದರು, ಈಗ ಅದು ಲ್ಯಾಪ್‌ಟಾಪ್‌ನಲ್ಲಿ ಚಿಟಿಕೆ ಹೊಡೆಯುವಷ್ಟರ ಕೆಲಸ. ಶಾ-1ಕ್ಕೆ 2017ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆ ಸೇರಿ ಅದೇ ಗತಿ ಕಾಣಿಸಿದವು, ಎರಡು ಬೇರೆ ಪಿಡಿಎಫ್, ಒಂದೇ ಹ್ಯಾಶ್. ಹಾಗಾದರೆ ನಾನು ಮೇವನ್‌ನಲ್ಲಿ ಶಾ-1 ಕೊಟ್ಟು ಹುಡುಕಿದ್ದು ದಂಡವಾ?

ದಂಡ ಅಲ್ಲ, ಯಾಕೆ ಅಂತ ಒಂದು ಬಿಎಂಟಿಸಿ ಬಸ್ಸಿನಿಂದ ಹೇಳುತ್ತೇನೆ. ಬಸ್ಸಿನಲ್ಲಿ 23 ಜನ ಇದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಆದರೆ ನಿಮ್ಮದೇ ಹುಟ್ಟುಹಬ್ಬದ ದಿನ ಹುಟ್ಟಿದವರು ಬೇಕು ಅಂದರೆ, ಅದೇ ಅರ್ಧ ಸಾಧ್ಯತೆಗೆ 253 ಜನರನ್ನು ಕೇಳಬೇಕು, ಒಂದು ಕಲ್ಯಾಣಮಂಟಪದಷ್ಟು. ಯಾರೋ ಇಬ್ಬರು ಸಿಗುವುದು ಸುಲಭ, ನಿಮಗೆ ಹೊಂದುವವರು ಸಿಗುವುದು ಕಷ್ಟ. ಹ್ಯಾಶ್‌ನ ದೊಡ್ಡ ಸಂಖ್ಯೆಗಳಲ್ಲಿ ಈ ಅಂತರ ಆಕಾಶ ಭೂಮಿಯಷ್ಟು ಆಗುತ್ತದೆ. ಇದುವರೆಗೆ ಒಡೆದಿರುವುದು ಮೊದಲನೆಯದು: ಎರಡೂ ಫೈಲುಗಳನ್ನು ನಾನೇ ತಯಾರಿಸುವುದಾದರೆ ಒಂದೇ ಹ್ಯಾಶ್ ಬರುವ ಜೋಡಿ ಮಾಡಬಹುದು. ಅಪಾಚೆಯವರು ಎಂದೋ ಬಿಟ್ಟ ಫೈಲಿಗೆ ಸರಿಯಾಗಿ ಹೊಂದುವ ನಕಲಿ ಫೈಲ್ ಮಾಡುವುದು ಎಂಡಿ5ನಲ್ಲೂ ಯಾರ ಕೈಯಲ್ಲೂ ಆಗಿಲ್ಲ. ಹಾಗಾಗಿ ಹಳೇ, ಗೊತ್ತಿರುವ ಫೈಲನ್ನು ಗುರುತಿಸಲು ಶಾ-1 ಇನ್ನೂ ನಡೆಯುತ್ತದೆ. ಫೈಲು ತಯಾರಿಸಿದವನ ಮೇಲೇ ಅನುಮಾನ ಇದ್ದರೆ ಶಾ-256 ಬಿಟ್ಟು ಬೇರೆ ಮಾತೇ ಬೇಡ. ಹೊಸದಾಗಿ ಪಟ್ಟಿ ಮಾಡುವವರಂತೂ ಶಾ-256ರಲ್ಲೇ ಮಾಡಿ, ಖರ್ಚೇನೂ ಜಾಸ್ತಿ ಇಲ್ಲ.

ಗಣಿತ ಒಡೆಯುವುದಕ್ಕಿಂತ ಪಟ್ಟಿ ಕೆಡಿಸುವುದು ಕಳ್ಳರಿಗೆ ಸಲೀಸು. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್‌ನ ವೆಬ್‌ಸೈಟಿಗೆ ನುಗ್ಗಿದವರು ಡೌನ್‌ಲೋಡ್ ಲಿಂಕನ್ನೇ ತಿರುಗಿಸಿ, ಹಿಂಬಾಗಿಲು ಇಟ್ಟ ಫೈಲನ್ನು ಜನರಿಗೆ ಬಡಿಸಿದರು. ಫೈಲೂ ಹ್ಯಾಶೂ ಒಂದೇ ಪುಟದಲ್ಲಿದ್ದರೆ, ಪುಟಕ್ಕೆ ಕೈಹಾಕಿದವನು ಎರಡನ್ನೂ ಬದಲಾಯಿಸಬಹುದು. ಅದಕ್ಕೇ ಹ್ಯಾಶನ್ನು ಬೇರೆ ದಾರಿಯಿಂದ ತರಿಸಿಕೊಳ್ಳಬೇಕು, ಇಲ್ಲವೇ ಹ್ಯಾಶ್ ಪಟ್ಟಿಗೆ ಸಹಿ ಇರಬೇಕು.

ಸಹಿಯೂ ಸರಿ, ಹ್ಯಾಶೂ ಸರಿ, ಫೈಲು ಮಾತ್ರ ವಿಷ ಎಂಬ ಪ್ರಕರಣವೂ ಆಗಿದೆ. 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಜೆಡ್ ಹಗರಣ. ಫೈಲುಗಳನ್ನು ಒತ್ತಿ ಚಿಕ್ಕದು ಮಾಡುವ ಸಾಫ್ಟ್‌ವೇರ್ ಅದು. 5.6.0 ಮತ್ತು 5.6.1 ವರ್ಷನ್‌ಗಳಲ್ಲಿ ಹಿಂಬಾಗಿಲು ಇಟ್ಟಿದ್ದು ಹೊರಗಿನ ಕಳ್ಳ ಅಲ್ಲ, ಆ ಯೋಜನೆಯನ್ನು ನೋಡಿಕೊಳ್ಳುವ ಜವಾಬ್ದಾರಿ ಗಿಟ್ಟಿಸಿಕೊಂಡಿದ್ದ ಖಾತೆ. ಅಧಿಕೃತ ಫೈಲೇ ಕೆಟ್ಟದ್ದು, ಅದರ ಹ್ಯಾಶ್ ಎಲ್ಲ ಕಡೆ ಸರಿಯಾಗಿಯೇ ಹೊಂದುತ್ತಿತ್ತು. ಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗುತ್ತಿದೆಯಲ್ಲ ಅಂತ ಕೆದಕಿ. ಹ್ಯಾಶ್‌ನಿಂದ ಉಪಯೋಗ ಆಗಿದ್ದು ಆಮೇಲೆ: ಸುದ್ದಿ ಬಂದ ಕೂಡಲೇ ಆ ಎರಡು ವರ್ಷನ್ ಯಾರ್‍ಯಾರ ಮನೆಯಲ್ಲಿ ಕೂತಿದೆ ಅಂತ ಹುಡುಕಲು.

ಇನ್ನೊಂದು ಕಿವಿಮಾತು. ಅನುಮಾನದ ಫೈಲು ಸಿಕ್ಕ ಕೂಡಲೇ ವೈರಸ್ ಇದೆಯಾ ಅಂತ ನೋಡಿ ಹೇಳುವ ವೈರಸ್‌ಟೋಟಲ್ ಎಂಬ ವೆಬ್‌ಸೈಟಿಗೆ ಅಪ್‌ಲೋಡ್ ಮಾಡುವ ಅಭ್ಯಾಸ ಹಲವರಿಗೆ ಇದೆ. ಮೊದಲು ಹ್ಯಾಶ್ ಮಾತ್ರ ಹಾಕಿ ಹುಡುಕಿ. ಫೈಲಿನೊಳಗೆ ಕಂಪನಿಯ ಪಾಸ್‌ವರ್ಡೋ ಗ್ರಾಹಕರ ಪಟ್ಟಿಯೋ ಇದ್ದರೆ, ಅಪ್‌ಲೋಡ್ ಮಾಡಿದ್ದು ವಾಪಸ್ ಬರಲ್ಲ.

ಇದೆಲ್ಲ ಈಗ ಕಾನೂನಿನ ಕಾಗದಕ್ಕೂ ಬಂದಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರದಲ್ಲಿ, ಡಿಜಿಟಲ್ ಸಾಕ್ಷ್ಯದ ಹ್ಯಾಶ್ ಎಷ್ಟು, ಯಾವ ವಿಧಾನದಿಂದ ತೆಗೆದಿರಿ ಎಂದು ತುಂಬಬೇಕು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ಮಾರ್ಗಸೂಚಿಯೂ ಸಾಫ್ಟ್‌ವೇರ್ ಒಳಗಿನ ಬಿಡಿಭಾಗಗಳ ಪಟ್ಟಿ ಮಾಡುವಾಗ ಒಂದೊಂದರ ಹ್ಯಾಶೂ ಇರಲಿ ಅನ್ನುತ್ತದೆ. ಪೀಣ್ಯದ ಆ ಸಾಫ್ಟ್‌ವೇರ್ ಬರೆದುಕೊಟ್ಟವರು ಅಂಥದ್ದೊಂದು ಪಟ್ಟಿ ಕೊಟ್ಟುಹೋಗಿದ್ದರೆ ನನ್ನ ಎರಡು ದಿನ ಉಳಿಯುತ್ತಿತ್ತು.

ಪೀಣ್ಯದಲ್ಲಿ ಕೊನೆಗೆ ಆರು ಫೈಲು ಉಳಿದವು. ಹೊರಗಿನ ಹ್ಯಾಶೂ ಹೊಂದಲಿಲ್ಲ, ಒಳಗಿನದೂ ಹೊಂದಲಿಲ್ಲ. ತೆಗೆದು ಓದಿದರೆ ಆ ಕಾರ್ಖಾನೆಯ ಬಿಲ್ಲಿನ ಲೆಕ್ಕ, ಗ್ರಾಹಕರ ಹೆಸರು. ಸಾಫ್ಟ್‌ವೇರ್ ಬರೆದವರ ಸ್ವಂತ ಕೋಡ್. ಅದು ಪ್ರಪಂಚದ ಯಾವ ಪಟ್ಟಿಯಲ್ಲೂ ಇರಲು ಸಾಧ್ಯ ಇಲ್ಲ, ಆ ಪಟ್ಟಿಯನ್ನು ನಾವೇ ಮಾಡಿಕೊಳ್ಳಬೇಕು. ಸರಿ, ಆ ಫೋಲ್ಡರ್ ಒಳಗಿನ ಎಲ್ಲ ಫೈಲುಗಳ ಶಾ-256 ತೆಗೆದು ಅಲ್ಲೇ ಒಂದು ಪಟ್ಟಿ ಫೈಲಿಗೆ ಬರೆಸಿದೆ. ಒಂದು ಪ್ರತಿ ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ. ಹಿರಿಯರು ಅದನ್ನು ಹುಂಡಿಯ ಥರ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಮುಂದಿನ ತಿಂಗಳು ಹೋಗಿ ಪೆನ್‌ಡ್ರೈವ್ ಚುಚ್ಚಿ ಹೋಲಿಸಿದೆ. ಎಲ್ಲದರ ಮುಂದೆಯೂ "ಓಕೆ" ಬಂತು, ಒಂದರ ಮುಂದೆ ಮಾತ್ರ "ಫೇಲ್ಡ್". ಎದೆ ಧಸಕ್ಕೆಂದಿತು. "ಯಾರಾದರೂ ಸರ್ವರ್ ಮುಟ್ಟಿದ್ರಾ ಸಾರ್?" ಅಂದೆ. "ಪೂಜೆ ದಿನ ಒರೆಸೋದು ಬಿಟ್ರೆ ಯಾರೂ ಮುಟ್ಟಲ್ಲ" ಅಂದರು. ಹತ್ತು ನಿಮಿಷ ಬೆವರಿದ ಮೇಲೆ ಆ ಫೈಲಿನ ಹೆಸರನ್ನು ಸರಿಯಾಗಿ ಓದಿದೆ. ಅದು ನನ್ನ ಪಟ್ಟಿಯೇ. ಎಲ್ಲ ಫೈಲುಗಳ ಹ್ಯಾಶ್ ತೆಗೆ ಅಂತ ಹೇಳಿದಾಗ, ಅರ್ಧ ಬರೆದಿದ್ದ ಆ ಪಟ್ಟಿಯ ಹ್ಯಾಶನ್ನೂ ತೆಗೆದು ಅದರಲ್ಲೇ ಬರೆದಿಟ್ಟಿತ್ತು, ಆಮೇಲೆ ಪಟ್ಟಿ ಬೆಳೆಯಿತು, ಹ್ಯಾಶ್ ಬದಲಾಯಿತು. ಹೊಳೆ ದಾಟಿದ ಹತ್ತು ಜನ ದಡ್ಡರು ತಮ್ಮನ್ನು ತಾವೇ ಎಣಿಸುವುದನ್ನು ಮರೆತರಂತೆ. ನನ್ನ ಕಮಾಂಡು ಮರೆಯದೆ ಎಣಿಸಿಕೊಂಡಿತ್ತು. ಆ ಸಾಲು ಅಳಿಸಿ, ಪಟ್ಟಿಯನ್ನು ಫೋಲ್ಡರ್‌ನಿಂದ ಆಚೆಗೆ ಇಟ್ಟು ಬಂದೆ.